ಕ್ವಾರ್ಟರ್ಸ್ ಹಿಡಿಯುವ ಮೊದಲು ಬಾವಿಯ ಹಗ್ಗ ನೋಡಿ

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ‘ಕ್ವಾರ್ಟರ್ಸ್’ ಅಂದರೆ ಸರಕಾರಿ ನೌಕರರ ವಸತಿ ಅಂತಲ್ಲ. ಒಂದೇ ಮಾಡಿನ ಕೆಳಗೆ ಸಾಲಾಗಿ ನಾಲ್ಕೋ ಆರೋ ಬಾಗಿಲು. ಒಂದೊಂದಕ್ಕೂ ಪುಟ್ಟ ಚಾವಡಿ, ಒಂದು ಕೋಣೆ, ಅಡುಗೆಮನೆ, ಹಿಂದೆ ಬಚ್ಚಲು. ಎಲ್ಲರಿಗೂ ಸೇರಿ ಒಂದು ಬಾವಿ. ಉಪ್ಪಳ, ಕುಂಬಳೆ, ಸೀತಾಂಗೋಳಿ, ವಿದ್ಯಾನಗರ, ಚೆರ್ಕಳದ ಆಸುಪಾಸಿನಲ್ಲಿ ಕಡಿಮೆ ಬಾಡಿಗೆಗೆ ಹುಡುಕಿದರೆ ಸಿಗುವುದು ಹೆಚ್ಚಾಗಿ ಇಂಥವೇ. ಬಾಡಿಗೆ ಎಷ್ಟೆಂದು ಮೊದಲ ಫೋನಿನಲ್ಲೇ ಗೊತ್ತಾಗುತ್ತದೆ. ಏಪ್ರಿಲ್‌ನಲ್ಲಿ ನೀರು ಎಷ್ಟಿರುತ್ತದೆ, ಜುಲೈಯಲ್ಲಿ ಗೋಡೆ ಹೇಗಿರುತ್ತದೆ, ಕರೆಂಟು ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟು ಎಂಬುದನ್ನು ಮಾತ್ರ ಯಾರೂ ತಾವಾಗಿ ಹೇಳುವುದಿಲ್ಲ. ಅಗ್ಗದ ಮನೆ ಕೈಕಚ್ಚುವುದು ಅಲ್ಲೇ.

ಜಾಗದ ಹೆಸರಿನಿಂದಲೇ ಶುರುಮಾಡಿ. ಪದವು, ಅಡ್ಕ, ಗುಡ್ಡೆ ಎಂದು ಮುಗಿಯುವ ಹೆಸರಾದರೆ ಸಾಮಾನ್ಯವಾಗಿ ಮುರಕಲ್ಲಿನ (ಜಂಬಿಟ್ಟಿಗೆಯ) ಬೋಳು ನೆಲ; ಮಳೆಗಾಲದಲ್ಲಿ ಅಂಗಳ ಬೇಗ ಒಣಗುತ್ತದೆ, ಬೇಸಗೆಯಲ್ಲಿ ಬಾವಿಯೂ ಬೇಗ ಒಣಗುತ್ತದೆ. ಬೈಲು, ಪಳ್ಳ ಎಂದಿದ್ದರೆ ನೀರಿಗೆ ಬರವಿಲ್ಲ, ಆದರೆ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅದು ಜಗಲಿಯವರೆಗೆ ಬಂದರೂ ಬಂತು. ಪಕ್ಕದ ತೋಡು, ಕಣಿ ಯಾವ ಕಡೆಗೆ ಹರಿಯುತ್ತವೆ, ಹೊಸ ಪಾಗಾರ (ಕಾಂಪೌಂಡ್ ಗೋಡೆ) ಕಟ್ಟಿ ಯಾರಾದರೂ ಅದನ್ನು ಮುಚ್ಚಿದ್ದಾರೆಯೇ ಎಂದು ನಡೆದೇ ನೋಡಬೇಕು.

ಇನ್ನು ಬಾವಿ. ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಆದರೂ ಏಪ್ರಿಲ್–ಮೇಯಲ್ಲಿ ಟ್ಯಾಂಕರ್ ಕಾಯುವ ಮನೆಗಳಿವೆ. ಮುರಕಲ್ಲಿನ ಮೈತುಂಬ ತೂತು. ಸುರಿದ ನೀರು ಅದರೊಳಗೆ ನಿಲ್ಲದೆ ಇಳಿದು ತೋಡಿಗೆ, ಹೊಳೆಗೆ ಹೋಗಿಬಿಡುತ್ತದೆ. ಮನೆ ನೋಡಲು ಸೆಪ್ಟೆಂಬರ್‌ನಲ್ಲಿ ಹೋದರೆ ಬಾವಿ ತುಂಬಿಯೇ ಇರುತ್ತದೆ, ಅದನ್ನು ನೋಡಿ ಮರುಳಾಗಬೇಡಿ. ರಾಟೆಯಿಂದ ಇಳಿಬಿಟ್ಟ ಹಗ್ಗ ನೋಡಿ. ನೀರು ಹತ್ತು ಅಡಿಯಲ್ಲಿದ್ದು, ಕಂಬಕ್ಕೆ ಸುತ್ತಿದ ಹಗ್ಗ ಇನ್ನೂ ಮೂವತ್ತು ಅಡಿ ಉಳಿದಿದ್ದರೆ, ಬೇಸಗೆಯಲ್ಲಿ ಕೊಡಪಾನ ಅಷ್ಟು ಆಳಕ್ಕೆ ಇಳಿಯುತ್ತದೆ ಎಂದೇ ಅರ್ಥ. ಉಪಯೋಗವಿಲ್ಲದ ಹಗ್ಗವನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ಪಂಪು ಮಾತ್ರ ಇದ್ದು ಹಗ್ಗವೇ ಇಲ್ಲದಿದ್ದರೆ, ಬಾವಿಯೊಳಗಿನ ಕಲ್ಲಿನ ಮೇಲೆ ಪಾಚಿಯ ಗೆರೆಗಳನ್ನು ಗಮನಿಸಿ, ಆಮೇಲೆ ನೆರೆಮನೆಯವರಲ್ಲಿ ‘ಮೇಯಲ್ಲಿ ಮೋಟರು ಎಷ್ಟು ಹೊತ್ತು ಓಡುತ್ತದೆ?’ ಎಂದು ಕೇಳಿ. ‘ನೀರಿದೆಯಾ?’ ಎಂದು ಕೇಳಿದರೆ ಎಲ್ಲರೂ ಇದೆ ಎಂದೇ ಹೇಳುತ್ತಾರೆ. ಶಿರಿಯ, ಮೊಗ್ರಾಲ್, ಉಪ್ಪಳ ಹೊಳೆಗಳ ಬಾಯಿಯ ಹತ್ತಿರವಾದರೆ ಉಪ್ಪಿನ ಪ್ರಶ್ನೆಯೂ ಇದೆ: ಬೇಸಗೆಯಲ್ಲಿ ಸಾಬೂನು ನೊರೆ ಬರುತ್ತದೆಯೇ, ಬೇಳೆ ಬೇಯುತ್ತದೆಯೇ ಎಂದು ಅಡುಗೆ ಮಾಡುವವರಲ್ಲೇ ವಿಚಾರಿಸಿ.

ಅದಕ್ಕಿಂತ ದೊಡ್ಡ ಸಂಗತಿ ಕಕ್ಕಸು ಗುಂಡಿ. ಕೇರಳದ ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ ಕನಿಷ್ಠ 7.5 ಮೀಟರ್ ದೂರ ಇರಬೇಕು, ಅಂದರೆ ಹತ್ತಿರಹತ್ತಿರ 25 ಅಡಿ. ಈಗ ಲೆಕ್ಕ ಹಾಕಿ. ಐದು ಸೆಂಟ್ ಜಾಗ ಅಂದರೆ 2178 ಚದರ ಅಡಿ, ಹೆಚ್ಚುಕಡಿಮೆ 36 ಅಡಿ ಅಗಲ, 60 ಅಡಿ ಉದ್ದ. ಬಾವಿಯ ಸುತ್ತ 25 ಅಡಿಯ ವೃತ್ತ ಎಳೆದರೆ ಅದರ ಅಡ್ಡಳತೆಯೇ 50 ಅಡಿ. 36 ಅಡಿ ಅಗಲದ ಜಾಗದಲ್ಲಿ ಅದು ಹಿಡಿಯುವುದೇ ಇಲ್ಲ. ಆದ್ದರಿಂದ ಐದೈದು ಸೆಂಟಿನ ಮನೆಗಳು ಸಾಲಾಗಿರುವಲ್ಲಿ ನಿಮ್ಮ ಬಾವಿಗೆ ಅಪಾಯ ನಿಮ್ಮ ಗುಂಡಿಯಿಂದ ಮಾತ್ರ ಅಲ್ಲ, ಪಾಗಾರದ ಆಚೆಯದರಿಂದಲೂ. ಪಾಗಾರದ ಮೇಲಿಂದ ಇಣುಕಿ ನೋಡಿ: ನೆಟ್ಟಗೆ ನಿಂತ ಗಾಳಿ ಪೈಪು, ನೆಲಮಟ್ಟದ ಕಾಂಕ್ರೀಟ್ ಚಪ್ಪಡಿ, ಅದರ ಬುಡದಲ್ಲಿ ಕಾರಣವಿಲ್ಲದೆ ಕೊಬ್ಬಿದ ಬಾಳೆ. ಆ ಗುಂಡಿ ಬಾವಿಗಿಂತ ಎತ್ತರದ ನೆಲದಲ್ಲಿದ್ದರೆ 25 ಅಡಿಯನ್ನೂ ನಂಬಬೇಡಿ. ಮಳೆ ನೀರು ಇಳಿಯುವ ತೂತಿನಲ್ಲೇ ಗುಂಡಿಯ ಕೊಳೆನೀರೂ ಸೋಸದೆ ಇಳಿಯುತ್ತದೆ.

ಹಾಗಾಗಿ ಇಂಥ ಕಡೆ ನೀರು ಕುದಿಸಿಯೇ ಕುಡಿಯಬೇಕು, ಬಾವಿಗೆ ಬ್ಲೀಚಿಂಗ್ ಪೌಡರನ್ನೂ ಹಾಕಬೇಕು. ಸಾವಿರ ಲೀಟರಿಗೆ 2.5 ಗ್ರಾಂ ಸಾಮಾನ್ಯ ಅಳತೆ. ನೆರೆ ನೀರು ಬಾವಿಗೆ ನುಗ್ಗಿದಾಗ, ಆಸುಪಾಸಿನಲ್ಲಿ ಕಾಮಾಲೆ ಕಂಡಾಗ 5 ಗ್ರಾಂ. ಎರಡು ಮೀಟರ್ ಅಡ್ಡಳತೆಯ ಬಾವಿಯಲ್ಲಿ ಒಂದು ಮೀಟರ್ ನೀರೆಂದರೆ ಸುಮಾರು 3140 ಲೀಟರ್, ಅದಕ್ಕೆ 8 ಗ್ರಾಂ ಸಾಕು. ಮೂರು ಮೀಟರ್ ನೀರಿದ್ದರೆ 24. ಪೌಡರನ್ನು ನೇರ ಬಾವಿಗೆ ಎಸೆಯುವುದೇ ಎಲ್ಲರೂ ಮಾಡುವ ತಪ್ಪು. ಪ್ಲಾಸ್ಟಿಕ್ ಬಾಲ್ದಿಯಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನ ಹಾಗೆ ಕಲಸಿ, ಮುಕ್ಕಾಲು ಬಾಲ್ದಿ ನೀರು ತುಂಬಿ, ಹತ್ತು ನಿಮಿಷ ಬಿಡಿ. ಸುಣ್ಣ ಅಡಿಯಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಾಲ್ದಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗಿಳಿಸಿ ನೀರಿನೊಳಗೆ ನಾಲ್ಕೈದು ಸಲ ಮೇಲೆ ಕೆಳಗೆ ಎಳೆದಾಡಿ. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ಆರು ಬಾಗಿಲಿನ ಕ್ವಾರ್ಟರ್ಸಿನಲ್ಲಿ ಆ ಒಂದು ಗಂಟೆ ರಾತ್ರಿ ಹತ್ತರ ನಂತರವೇ ಸಿಗುವುದು. ಒಡೆದಿಟ್ಟ ಹಳೆ ಪ್ಯಾಕೆಟ್ ಬೇಡ, ಅದರ ಶಕ್ತಿ ಗಾಳಿಗೆ ಹೋಗಿರುತ್ತದೆ.

ಜುಲೈಯಲ್ಲಿ ಕಕ್ಕಸಿಗೆ ನೀರು ಹೊಯ್ದಾಗ ಬುಳುಬುಳು ಸದ್ದಾಗಿ ನಿಧಾನ ಇಳಿದರೆ, ಗುಂಡಿಯ ಸುತ್ತಿನ ಮಣ್ಣು ನೀರು ಕುಡಿದು ತುಂಬಿದೆ ಅಂತ. ಮುರಕಲ್ಲಿನಡಿ ನೀರು ಇಂಗದ ಶೇಡಿ ಮಣ್ಣಿದ್ದರೆ ಇದು ಪ್ರತಿ ಮಳೆಗಾಲದ ಪಾಡು. ಇದನ್ನು ಈಗಿರುವ ಬಾಡಿಗೆದಾರರೇ ಹೇಳಬೇಕು, ಧಣಿಗಳು ಹೇಳಲಿಕ್ಕಿಲ್ಲ.

ಕರೆಂಟಿನ ಲೆಕ್ಕ ಇನ್ನೂ ಸೂಕ್ಷ್ಮ. ಇಲ್ಲಿ ಮನೆಬಿಲ್ಲು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ ಏರುತ್ತದೆ. ಅದನ್ನು ದಾಟಿದರೆ ಮೊದಲ ಯೂನಿಟ್ಟಿನಿಂದಲೇ ದೊಡ್ಡ ದರ. ನಾಲ್ಕು ಮನೆಗಳು, ಒಂದೊಂದು ತಿಂಗಳಿಗೆ 65 ಯೂನಿಟ್ ಉರಿಸುತ್ತವೆ ಎಂದಿಟ್ಟುಕೊಳ್ಳಿ. ಪ್ರತ್ಯೇಕ ಮೀಟರಾದರೆ ಎಲ್ಲರೂ ಕೆಳಗಿನ ಎರಡು ಮೆಟ್ಟಿಲಲ್ಲೇ ಇರುತ್ತಾರೆ. ಒಂದೇ ಮೀಟರಾದರೆ 260 ಆಯಿತು. ಹತ್ತು ಯೂನಿಟ್ಟಿನ ಹೆಚ್ಚಳಕ್ಕೆ ನಾಲ್ವರೂ ದಂಡ ತೆತ್ತಂತೆ. ‘ಸಬ್‌ಮೀಟರ್ ಇದೆಯಲ್ಲ’ ಎಂಬ ಉತ್ತರ ಬರುತ್ತದೆ. ಸಬ್‌ಮೀಟರ್ ಬಿಲ್ಲನ್ನು ಹಂಚುತ್ತದೆ, ಇಳಿಸುವುದಿಲ್ಲ. ಏಪ್ರಿಲ್–ಮೇ ತಿಂಗಳ ಹಳೆ ಬಿಲ್ಲು ತೋರಿಸಲು ಹೇಳಿ, ಪಂಪಿನ ಕರೆಂಟು ಯಾರ ಲೆಕ್ಕಕ್ಕೆಂದೂ ಕೇಳಿ. ಒಂದು ಎಚ್.ಪಿ. ಮೋಟರು ಗಂಟೆಗೆ ಒಂದು ಯೂನಿಟ್ಟಿನಷ್ಟು ತಿನ್ನುತ್ತದೆ. ಸ್ವಿಚ್‌ಬೋರ್ಡಿನಲ್ಲಿ ಇ.ಎಲ್.ಸಿ.ಬಿ. (ಕರೆಂಟು ಸೋರಿದರೆ ಕೂಡಲೇ ಕಡಿಯುವ ಸ್ವಿಚ್ಚು) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ. ಕರೆಂಟು ಹೋಗದಿದ್ದರೆ ಅದು ಬರೀ ಅಲಂಕಾರ.

ಗೋಡೆಗೆ ಹೆಚ್ಚು ಮಾತು ಬೇಡ. ಮಳೆ ಹೊಡೆಯುವುದು ಪಡುವಣದಿಂದ, ಹಾಗಾಗಿ ಪಡುಗೋಡೆಗೆ ಗಾರೆ ಇದೆಯೇ, ಮಾಡು ಎರಡಡಿಯಾದರೂ ಹೊರಚಾಚಿದೆಯೇ ನೋಡಿ. ಗಾರೆಯಿಲ್ಲದ ಮುರಕಲ್ಲು ನೀರು ಹೀರಿ ಒಳಗೆ ಬೂಷ್ಟು ತರುತ್ತದೆ. ಮೇ ತಿಂಗಳಲ್ಲಿ ಕೆಳಗಿನ ಮೂರಡಿಗೆ ಮಾತ್ರ ಹೊಸ ಬಣ್ಣ ಕಂಡರೆ ಅಲ್ಲೇ ಕೈಯಿಟ್ಟು ಉಜ್ಜಿ. ಶೀಟಿನ ಮಾಡಿನ ಮೇಲೆ ತೆಂಗಿನ ಮರ ಬಾಗಿದ್ದರೆ ಕಾಯಿ ಯಾರು, ಯಾವಾಗ ಕೊಯ್ಯಿಸುತ್ತಾರೆ ಎಂದು ಈಗಲೇ ಮಾತಾಡಿ.

ದಾರಿಯನ್ನು ಪರೀಕ್ಷಿಸುವುದು ಸುಲಭ: ಹತ್ತಿರದ ಸ್ಟ್ಯಾಂಡಿನ ಆಟೋದವರಲ್ಲಿ ಮಳೆಗಾಲದ ರಾತ್ರಿ ಮನೆವರೆಗೆ ಬರುತ್ತೀರಾ ಎಂದು ಕೇಳಿ. ಅವರು ತಲೆ ಕೆರೆದುಕೊಂಡರೆ ಆಂಬುಲೆನ್ಸೂ ನೀರಿನ ಟ್ಯಾಂಕರೂ ಬರಲಿಕ್ಕಿಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಷಟ್ಪಥವಾದ ಮೇಲೆ ‘ಬಸ್‌ಸ್ಟಾಪಿಗೆ ಎರಡು ನಿಮಿಷ’ ಎಂಬ ಮಾತಿಗೂ ಬೆಲೆಯಿಲ್ಲ. ಸ್ಟಾಪು ಆಚೆಬದಿಯಾದರೆ ಅಂಡರ್‌ಪಾಸ್‌ವರೆಗೆ ಹೋಗಿ ಬರುವ ನಡಿಗೆಯನ್ನು ಮಕ್ಕಳ ಹೆಜ್ಜೆಯಲ್ಲಿ ಅಳೆಯಬೇಕು. ಶಾಲೆಯಲ್ಲಿ ಕನ್ನಡ ವಿಭಾಗ ನಾಲ್ಕರವರೆಗೋ, ಏಳರವರೆಗೋ, ಹತ್ತರವರೆಗೋ ಎಂದು ಬಿಡಿಸಿ ಕೇಳಿ.

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ. ಅದರಲ್ಲಿ ಪಂಚಾಯತಿನ ಮನೆ ನಂಬರು ಬರೆಸಲೇಬೇಕು. ನಂಬರಿನ ಜತೆ ‘ಯು.ಎ.’ ಎಂದಿದ್ದರೆ ಅದು ಅನಧಿಕೃತ ಕಟ್ಟಡ. ಆ ವಿಳಾಸದಲ್ಲಿ ರೇಶನ್ ಕಾರ್ಡು ಮಾಡಿಸಲು ಒಪ್ಪಿಗೆ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಬಾಯಿಬಿಟ್ಟು ಕೇಳಿ, ಬಾಡಿಗೆದಾರ ತಳವೂರುತ್ತಾನೆಂಬ ಹೆದರಿಕೆಗೆ ಕೆಲವರು ಒಪ್ಪುವುದಿಲ್ಲ. ಬೇರೆ ಊರಿನ ಕೇರಳ ಕಾರ್ಡಿದ್ದರೆ ಅಕ್ಕಿಗೆ ತೊಂದರೆಯಿಲ್ಲ, ಯಾವ ರೇಶನ್ ಅಂಗಡಿಯಲ್ಲೂ ಕೊಡುತ್ತಾರೆ. ಪಂಚಾಯತು, ವಿಲೇಜ್ ಆಫೀಸಿಗೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. 1969ರ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಉತ್ತರವೂ ಕನ್ನಡದಲ್ಲೇ ಬರಬೇಕು. ಪ್ಲಾಸ್ಟಿಕ್ ಒಯ್ಯಲು ಬರುವ ಹರಿತಕರ್ಮ ಸೇನೆಯವರಿಗೆ ಪಂಚಾಯತುಗಳಲ್ಲಿ ತಿಂಗಳಿಗೆ 50 ರೂಪಾಯಿ. ಅದನ್ನು ನೀವು ಕೊಡುವುದೋ ಬಾಡಿಗೆಯಲ್ಲಿ ಸೇರಿದೆಯೋ ಎಂಬುದೂ ಕರಾರಿನಲ್ಲಿರಲಿ.

ಕೀಲಿ ಕೈಗೆ ಬಂದ ದಿನ ಮೀಟರಿನ ರೀಡಿಂಗ್, ಗೋಡೆಯ ನಾಲ್ಕು ಮೂಲೆ, ಕಕ್ಕಸಿನ ಬೇಸಿನ್ನಿನ ಬಿರುಕು ಎಲ್ಲದರ ಫೋಟೋ ತೆಗೆದು ಆವತ್ತೇ ಮನೆ ಯಜಮಾನರಿಗೆ ವಾಟ್ಸಾಪ್ ಮಾಡಿ. ಮುಂಗಡ ವಾಪಸು ಕೇಳುವ ದಿನ ಬಾಯಿಮಾತು ನಡೆಯುವುದಿಲ್ಲ.