ಕಲ್ಲಿನ ಟೀಪಾಟ್‌ಗೆ ಮೊದಲು ಬಿಸಿನೀರು, ಆಮೇಲೆ ಚಹಾ

ಕಲ್ಲಿನ ಟೀಪಾಟ್ ಬಿಸಿಯನ್ನು ಚೆನ್ನಾಗಿ ಹಿಡಿದಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಆ ಬಿಸಿ ಅದಕ್ಕೆ ಎಲ್ಲಿಂದ ಬರಬೇಕು? ನಾವು ಸುರಿಯುವ ನೀರಿನಿಂದಲೇ.

ನನ್ನದು ಬಳಪದ ಕಲ್ಲಿನದು. ಒಂದೇ ಕಲ್ಲನ್ನು ಕೈಯಲ್ಲಿ ಕೊರೆದು ಟೊಳ್ಳು ಮಾಡಿದ್ದಾರೆ, ಮುಚ್ಚಳವೂ ಅದೇ ಕಲ್ಲಿನದು. ಹಿಡಿಯುವುದು 200 ಮಿಲಿ, ಖಾಲಿ ಇದ್ದಾಗಲೇ 800 ಗ್ರಾಂ ತೂಗುತ್ತದೆ. ಒಂದು ಗ್ರಾಂ ನೀರು ಬಿಸಿಯಾಗಲು ಬೇಕಾದ ಶಾಖದಲ್ಲಿ ಸುಮಾರು ಕಾಲುಭಾಗ ಇದ್ದರೆ ಒಂದು ಗ್ರಾಂ ಕಲ್ಲಿಗೆ ಸಾಕು. ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ಕಲ್ಲು ಇರುವುದು 800 ಗ್ರಾಂ! ಲೆಕ್ಕ ಹಾಕಿದರೆ, ಕುದಿನೀರಿಗೆ ಅಷ್ಟೇ ತಣ್ಣೀರು ಬೆರೆಸಿದ ಹಾಗಾಯಿತು. ಟೀಪಾಟ್ 25 ಡಿಗ್ರಿಯಲ್ಲಿದ್ದರೆ ನೀರು, ಕಲ್ಲು ಎರಡೂ ಒಂದೇ ಬಿಸಿಗೆ ಬರುವಷ್ಟರಲ್ಲಿ 65 ಡಿಗ್ರಿಗಿಂತ ಕೆಳಗೆ ಇಳಿದಿರುತ್ತವೆ. ನಾನು ಮಾಡುವ ಊಲಾಂಗ್ (ಗ್ರೀನ್ ಟೀಗೂ ಕಪ್ಪು ಚಹಾಕ್ಕೂ ನಡುವಿನ ಬಗೆಯ ಚಹಾ) ಎಲೆಗೆ ಬೇಕಾಗಿರುವುದು 95ರ ಆಸುಪಾಸು.

ಹಾಗಾಗಿ ಟೀಪಾಟ್ ಕಾಯಿಸುವುದೇ ನನ್ನ ಅರ್ಧ ಕೆಲಸ. ಮೊದಲು ಬೆಚ್ಚಗಿನ ನೀರು ತುಂಬುತ್ತೇನೆ. ಕಲ್ಲಿನೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು, ಒಮ್ಮೆಲೇ ಕುದಿನೀರು ಬಿದ್ದರೆ ಅದು ಸೀಳುತ್ತದೆ. ಅದೇ ಕಾರಣಕ್ಕೆ ಒಲೆಯ ಮೇಲೂ ಇಡುವುದಿಲ್ಲ. ಆ ನೀರು ಚೆಲ್ಲಿ ಕುದಿನೀರು ತುಂಬಿ, ಮುಚ್ಚಿ, ಹೊರಮೈ ಮೇಲೆ ಅಂಗೈ ಇಡುತ್ತೇನೆ. ಬಿಸಿ ಒಳಗಿನಿಂದ ಮೆಲ್ಲಗೆ ಹೊರಗೆ ಬರುತ್ತದೆ. ಕೈ ಇಡಲಾರದಷ್ಟು ಸುಟ್ಟರೆ ಟೀಪಾಟ್ ತಯಾರು.

ಈ ಕಾಯುವಿಕೆಗೆ ಧ್ಯಾನ ಅಂತ ಹೆಸರಿಡೋದು ಬಿಡೋದು ನಿಮ್ಮಿಷ್ಟ. ಊದುಬತ್ತಿ, ಗಂಟೆ, ಸಂಗೀತ ನನಗೆ ಬೇಕಿಲ್ಲ. ಕೈ ಕಲ್ಲಿನ ಮೇಲಿದ್ದರೆ ಮೊಬೈಲ್ ಹಿಡಿಯಲು ಆಗುವುದಿಲ್ಲ, ಅಷ್ಟು ಸಾಕು.

ಕೆಟಲ್ ಕಡೆ ಕಿವಿ ಇರುತ್ತದೆ. 8ನೇ ಶತಮಾನದಲ್ಲಿ ಚಹಾ ಬಗ್ಗೆ ಬರೆದ ಚೀನಾದ ಲು ಯು, ನೀರಿನ ಕುದಿಯನ್ನು ಮೂರು ಹಂತವಾಗಿ ನೋಡಿದ್ದ. ಮೊದಲು ಮೀನಿನ ಕಣ್ಣಿನಂಥ ಗುಳ್ಳೆ ಮತ್ತು ಸಣ್ಣ ಸದ್ದು, ಆಮೇಲೆ ಅಂಚಿನಲ್ಲಿ ಮುತ್ತಿನ ಸರ, ಕೊನೆಗೆ ಅಲೆ. ಥರ್ಮಾಮೀಟರ್ ಇದ್ದರೂ ನಾನು ಈ ಲೆಕ್ಕವನ್ನೇ ಇಷ್ಟಪಡುತ್ತೇನೆ, ಯಾಕೆಂದರೆ ನೋಡುತ್ತಾ ನಿಲ್ಲಬೇಕಾಗುತ್ತದೆ.

ಕಾದ ಟೀಪಾಟ್‌ನ ನೀರು ಚೆಲ್ಲಿ 10 ಗ್ರಾಂ ಊಲಾಂಗ್ ಹಾಕುತ್ತೇನೆ. ಮುಚ್ಚಳ ಹಾಕಿ ಕ್ಷಣ ಬಿಟ್ಟು ತೆಗೆದರೆ ಬಿಸಿ ಕಲ್ಲಿಗೆ ಒಣ ಎಲೆಯ ಪರಿಮಳ ಎದ್ದಿರುತ್ತದೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು, ಕುಡಿಯುವುದಕ್ಕಿಂತಲೂ. ಆಮೇಲೆ ಕುದಿನೀರು. ಅದೇ ಎಲೆಗೆ ಮತ್ತೆ ಮತ್ತೆ ನೀರು ಹಾಕಿ ಹಲವು ಸುತ್ತು ಚಹಾ ತೆಗೆಯುತ್ತೇನೆ. ಟೈಮರ್ ಬದಲು ಉಸಿರು ಎಣಿಸುತ್ತೇನೆ. ಸುಮ್ನೆ ಕೂತಾಗ ನನ್ನ ಒಂದು ಉಸಿರಿಗೆ 5 ಸೆಕೆಂಡ್ ಹಿಡಿಯುತ್ತದೆ, ಮೊದಲ ಸುತ್ತಿಗೆ ನಾಲ್ಕು ಉಸಿರು. ಪೂರ್ತಿ ಬಸಿಯುತ್ತೇನೆ, ಒಳಗೆ ಒಂದು ತೊಟ್ಟೂ ಉಳಿಸುವುದಿಲ್ಲ. ಉಳಿದರೆ ಬಿಸಿ ಕಲ್ಲಿನಲ್ಲಿ ಎಲೆ ಬೇಯುತ್ತಲೇ ಇರುತ್ತದೆ, ಮುಂದಿನ ಸುತ್ತು ಕಹಿ. ಪ್ರತಿ ಸುತ್ತಿಗೂ ಒಂದೆರಡು ಉಸಿರು ಜಾಸ್ತಿ.

ಹಿಡಿಕೆಯೂ ಕಲ್ಲಿನದೇ ಆದ್ದರಿಂದ ಮೂರನೇ ಸುತ್ತಿನ ಹೊತ್ತಿಗೆ ಬಟ್ಟೆ ಬೇಕು. ಮೂತಿಗೆ ಒಳಗೆ ಒಂದೇ ತೂತು, ಎಲೆ ಸಿಕ್ಕಿಕೊಳ್ಳುತ್ತದೆ. ಬಿದಿರಿನ ಕಡ್ಡಿ ಪಕ್ಕದಲ್ಲೇ ಇರಲಿ.

ಕೊಳ್ಳುವ ಮುಂಚೆ ಇದು ಯಾವ ಕಲ್ಲು ಅಂತ ಕೇಳಿ. ಅಮೃತಶಿಲೆ, ಸುಣ್ಣದ ಕಲ್ಲು ನೋಡಲು ಚೆಂದ, ಆದರೆ ಹುಳಿ ತಾಗಿದರೆ ಕರಗುತ್ತವೆ. ತಳದ ಮೇಲೆ ಒಂದು ಹನಿ ವಿನೆಗರ್ ಬಿಟ್ಟಾಗ ನೊರೆ ಬಂದರೆ ಬೇಡ. ಚಹಾ ಕೂಡ ಸ್ವಲ್ಪ ಹುಳಿಯೇ, ನಿಂಬೆ ಹಿಂಡುವವರಿಗಂತೂ ಹೇಳಲೇಬೇಕಿಲ್ಲ. ತೊಳೆಯಲು ಬರೀ ಬಿಸಿನೀರು ಸಾಕು, ಸೋಪು ಬೇಡ. ಮುಚ್ಚಳ ತೆಗೆದಿಟ್ಟು ಒಣಗಿಸಿ.

ಗ್ರೀನ್ ಟೀಗೆ ಮಾತ್ರ ನಾನು ಇದನ್ನು ಬಳಸುವುದಿಲ್ಲ. ಅದಕ್ಕೆ 75-80 ಡಿಗ್ರಿ ಸಾಕು, ಬೇಗ ಆರಲೂ ಬೇಕು. ತೆಳು ಪಿಂಗಾಣಿಯೇ ಸರಿ.