ಆಲ್ಟರ್ನೇಟಿವ್ ರಾಕ್ ಆಲ್ಬಮ್ ಕೇಳೋಕೆ ಶುರು ಮಾಡೋದು ಹೇಗೆ

ಮೊದಲು ಶಫಲ್, ಅಂದರೆ ಹಾಡುಗಳನ್ನು ಕಲಸಿ ಕೇಳಿಸುವ ಆಯ್ಕೆ, ಆಫ್ ಮಾಡಿ. ಪ್ಲೇಲಿಸ್ಟ್‌ನಲ್ಲಿ ಅಲ್ಲೊಂದು ಇಲ್ಲೊಂದು ಹಾಡು ಕೇಳಿ, ಈ ರಾಕ್ ಎಲ್ಲ ನಮಗೆ ಹಿಡಿಸಲ್ಲ ಅನ್ನುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಆಲ್ಟರ್ನೇಟಿವ್ ರಾಕ್ ಅಂದರೆ ಜನಪ್ರಿಯ ರಾಕ್ ಹಾದಿ ಬಿಟ್ಟು ಬೆಳೆದ ರಾಕ್. ಇದರ ರುಚಿ ಇರುವುದು ಇಡೀ ಆಲ್ಬಮ್‌ನಲ್ಲಿ, ಯಾವ ಹಾಡಿನ ಹಿಂದೆ ಯಾವ ಹಾಡು ಬಂತು ಅನ್ನುವುದರಲ್ಲಿ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಲ್ಲಿ ಗಂಟೆಗಟ್ಟಲೆ ಕದಲದೆ ಕೂರುವ ಜನ ಇರುವ ಊರಿದು. ಐವತ್ತು ನಿಮಿಷ ಏನು ಜಾಸ್ತಿ ಅಲ್ವಲ್ಲ.

ಎಲ್ಲಿಂದ ಶುರು ಮಾಡೋದು? ಎಲ್ಲರೂ ನಿರ್ವಾಣ ತಂಡದಿಂದ ಅಂತಾರೆ. ನಾನು ಒಪ್ಪಲ್ಲ. ಆರ್‌ಇಎಂ ತಂಡದ 1992ರ 'ಆಟೋಮ್ಯಾಟಿಕ್ ಫಾರ್ ದ ಪೀಪಲ್' ಹಾಕಿ. ಭಾವಗೀತೆ ಕೇಳಿ ಬೆಳೆದವರಿಗೆ ಇದು ಸಲೀಸು, ಗದ್ದಲ ಕಡಿಮೆ, ಮಾತಿಗೆ ಜಾಗ ಜಾಸ್ತಿ. 'ನೈಟ್‌ಸ್ವಿಮಿಂಗ್'ನಲ್ಲಿ ಪಿಯಾನೊ ಸುತ್ತಿ ಸುತ್ತಿ ಅದೇ ಸ್ವರಗಳಿಗೆ ಬರುತ್ತದೆ, ಅದರ ಮೇಲೆ ತಂಡದ ಗಾಯಕ ಮೈಕಲ್ ಸ್ಟೈಪ್ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಹಾಡುತ್ತಾರೆ.

ಆಮೇಲೆ ಪಿಕ್ಸೀಸ್‌ನ 'ಡೂಲಿಟಲ್', 1989. 'ಟೇಮ್' ಹಾಡು ಎರಡು ನಿಮಿಷವೂ ಇಲ್ಲ. ಪಿಸುಮಾತು, ತಕ್ಷಣ ಕಿರುಚಾಟ, ಮತ್ತೆ ಪಿಸುಮಾತು. ಇದನ್ನು ಕೇಳಿದ ಮೇಲೇ ನಿರ್ವಾಣದ 'ನೆವರ್‌ಮೈಂಡ್' ಹಾಕಿ, 1991ರದ್ದು. ಆ ಪಟ್ಟನ್ನು ಪಿಕ್ಸೀಸ್‌ನಿಂದಲೇ ತಗೊಂಡಿದ್ದು ಅಂತ ನಿರ್ವಾಣದ ಗಾಯಕ ಕರ್ಟ್ ಕೋಬೇನ್ ತಾವೇ ಒಪ್ಪಿಕೊಂಡಿದ್ದರು. ನನ್ನ ಪ್ರಕಾರ ಈ ಆಲ್ಬಮ್‌ನ ದ್ವಿತೀಯಾರ್ಧವೇ ಗಟ್ಟಿ. 'ಡ್ರೇನ್ ಯೂ', 'ಲೌಂಜ್ ಆಕ್ಟ್' ಕೇಳದೆ ಎದ್ದು ಹೋಗಬೇಡಿ.

ಈಗ ರೇಡಿಯೊಹೆಡ್‌ನ 'ಓಕೆ ಕಂಪ್ಯೂಟರ್', 1997. ಇದಕ್ಕೆ ಸ್ವಲ್ಪ ತಯಾರಿ ಬೇಕು. ಮೆಟ್ರೋದಲ್ಲಿ ಬೇಡ, ಹಳಿಯ ಸದ್ದಿನಲ್ಲಿ ಮೆಲ್ಲಗಿನ ಭಾಗಗಳೆಲ್ಲ ಮುಳುಗಿಹೋಗುತ್ತವೆ. ರಾತ್ರಿ ಹಾರ್ನ್ ಗಲಾಟೆ ಅಡಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು, ಫೋನ್ ಮಗುಚಿಟ್ಟು ಕೇಳಿ. ಐದನೇ ಹಾಡು 'ಲೆಟ್ ಡೌನ್' ಬಂದಾಗ ಕೈಯಲ್ಲಿ ತಾಳ ಹಾಕಿ ನೋಡಿ: ಡ್ರಮ್ಸ್ ನಾಲ್ಕರ ಎಣಿಕೆಯಲ್ಲಿ ಹೋಗುತ್ತಿದ್ದರೆ ಶುರುವಿನ ಆ ಮಣಿ ಮಣಿ ಗಿಟಾರ್ ನಿಮ್ಮ ತಾಳಕ್ಕೆ ಸಿಗುವುದೇ ಇಲ್ಲ, ಅದರ ಎಣಿಕೆಯೇ ಬೇರೆ, ಆದರೂ ಎರಡೂ ಜಗಳ ಇಲ್ಲದೆ ಒಟ್ಟಿಗೆ ಸಾಗುತ್ತವೆ. ಕೊನೆಗೆ ಗಾಯಕ ಥಾಮ್ ಯಾರ್ಕ್ ದನಿಯ ಮೇಲೆ ಅವರದೇ ಇನ್ನೊಂದು ದನಿ ಏರುತ್ತದೆ. ನನಗೆ ಇಡೀ ತೊಂಬತ್ತರ ದಶಕದ ರಾಕ್‌ನಲ್ಲಿ ಇದಕ್ಕಿಂತ ದೊಡ್ಡ ಕ್ಷಣ ಇಲ್ಲ. ಇದರ ಹಿಂದಿನ ಹಾಡು 'ಎಕ್ಸಿಟ್ ಮ್ಯೂಸಿಕ್' ಉಸಿರು ಕಟ್ಟಿಸಿ ಹೋಗಿರುತ್ತದೆ, ಅದಕ್ಕೇ ಇದು ಬಿಡುಗಡೆ ಅನಿಸೋದು. ಶಫಲ್‌ನಲ್ಲಿ ಇದು ಸಿಗುತ್ತಾ ಹೇಳಿ?

ಮೈ ಬ್ಲಡಿ ವ್ಯಾಲೆಂಟೈನ್‌ನ 'ಲವ್‌ಲೆಸ್' ಕಡೆಗಿರಲಿ. ಇದೂ 1991ರದ್ದೇ. ತಂಡದ ಕೆವಿನ್ ಶೀಲ್ಡ್ಸ್ ಗಿಟಾರಿನ ಟ್ರೆಮೊಲೊ ಕಡ್ಡಿಯನ್ನು (ತಂತಿಯ ಬಿಗಿ ಬದಲಿಸುವ ಸರಳು) ಹಿಡಿದುಕೊಂಡೇ ಬಾರಿಸುತ್ತಾರೆ, ಸ್ವರ ನೆಟ್ಟಗೆ ನಿಲ್ಲದೆ ಜಾರುತ್ತದೆ. ಗಮಕ ಗೊತ್ತಿರುವ ಕಿವಿ ಇದನ್ನು ಅಪಸ್ವರ ಅನ್ನೋದಿಲ್ಲ. ಸುಮ್ನೆ ವಾಲ್ಯೂಮ್ ಸ್ವಲ್ಪ ಏರಿಸಿ, ಪದ ಹುಡುಕಬೇಡಿ.

ನಮ್ಮೂರಿನವರನ್ನೂ ಬಿಡಬೇಡಿ. ಥರ್ಮಲ್ ಅಂಡ್ ಎ ಕ್ವಾರ್ಟರ್ ಇಲ್ಲೇ 1996ರಲ್ಲಿ ಶುರುವಾದ ತಂಡ. ಪರ್ವಾಜ್ ತಂಡದ 'ಬಾರಾನ್', 2014ರದ್ದು, ಉರ್ದು ಗೊತ್ತಿಲ್ಲದಿದ್ದರೂ ಕೇಳಿಸಿಕೊಳ್ಳುತ್ತದೆ. ಇವರ ಲೈವ್ ಶೋ ಇದ್ದರೆ ಟ್ರಾಫಿಕ್ ನೆಪ ಹೇಳದೆ ಹೋಗಿ.

ಯಾವ ಆಲ್ಬಮ್ ಆದರೂ ಮೂರು ಸಲ ಕೇಳಿ. ಮೊದಲನೇ ಸಲ ಬರೀ ಸದ್ದು, ಎರಡನೇ ಸಲ ಸಾಹಿತ್ಯ ಎದುರಿಗಿಟ್ಟುಕೊಂಡು, ಮೂರನೇ ಸಲ ಬೇಸ್ ಗಿಟಾರ್ ಒಂದನ್ನೇ ಹಿಂಬಾಲಿಸಿ. ಆಗಲೂ ಹಿಡಿಸದಿದ್ದರೆ ಬಿಟ್ಟು ಮುಂದಿನದಕ್ಕೆ ಹೋಗಿ. ಸ್ಮ್ಯಾಶಿಂಗ್ ಪಂಪ್‌ಕಿನ್ಸ್‌ನ 'ಮೆಲನ್ ಕಾಲಿ' ಮಾತ್ರ ಭಾನುವಾರಕ್ಕೆ ಇಟ್ಟುಕೊಳ್ಳಿ, 28 ಹಾಡು ಇದೆ, ಎರಡು ಗಂಟೆ ಬೇಕು.