ಜಾಹೀರಾತಿಗೆ ಮೊದಲು ಫೋನ್ ಎತ್ತಿ

ಕೊಡಗಿನ ಹೋಂಸ್ಟೇ, ಕಾಫಿಪುಡಿ, ಜೇನು, ಮಸಾಲೆ ವ್ಯಾಪಾರಿಗಳು ಕಡಿಮೆ ಖರ್ಚಿನಲ್ಲಿ ಪ್ರಚಾರ ಮಾಡುವುದು, ದೂರದಲ್ಲಿ ಕುಳಿತೇ ಕೆಲಸ ಮಾಡಿಕೊಡುವ ಸಹಾಯಕರನ್ನು ಇಟ್ಟುಕೊಳ್ಳುವುದು ಹೇಗೆ?

ಕುಶಾಲನಗರ ದಾಟಿ ಮಡಿಕೇರಿ ಕಡೆ ಹೊರಟರೆ ರಸ್ತೆ ಬದಿಯಲ್ಲಿ ಬೋರ್ಡುಗಳದೇ ಸಾಲು. ಕಾಫಿಪುಡಿ, ಜೇನುತುಪ್ಪ, ಹೋಮ್‌ಮೇಡ್ ಚಾಕೊಲೇಟ್, ವೈನ್, ಹೋಂಸ್ಟೇ. ಬೋರ್ಡಿಗೆ ದುಡ್ಡು ಹಾಕುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಅದರ ಕೆಳಗಿರುವ ನಂಬರಿಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ಕರೆ ಮಾಡಿ ನೋಡಿ. ಮಾಲೀಕರು ತೋಟದಲ್ಲಿರುತ್ತಾರೆ, ತೋಟದಲ್ಲಿ ಸಿಗ್ನಲ್ ಇರುವುದಿಲ್ಲ. ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ ಮರುದಿನ ಮಧ್ಯಾಹ್ನ ‘ರೂಮ್ ಇದೆ’ ಎಂಬ ಉತ್ತರ. ಅಷ್ಟು ಹೊತ್ತಿಗೆ ಬೆಂಗಳೂರಿನ ಆ ಕುಟುಂಬ ಬೇರೆ ಕಡೆ ಮುಂಗಡ ಕಟ್ಟಿ ಮುಗಿಸಿರುತ್ತದೆ.

ಇಲ್ಲಿನ ಸಣ್ಣ ವ್ಯಾಪಾರಗಳಿಗೆ ಗಿರಾಕಿ ತಪ್ಪುತ್ತಿರುವುದು ಪ್ರಚಾರ ಸಾಲದೆ ಅಲ್ಲ, ಉತ್ತರ ಸಿಗದೆ ಎಂಬುದು ನನ್ನ ಎಣಿಕೆ. ಹಾಗಾಗಿ ಕೆಲಸದ ಕ್ರಮವೂ ಅದೇ ಆಗಲಿ. ಹುಡುಕಿದವರ ಕಣ್ಣಿಗೆ ಬೀಳುವುದು ಮೊದಲು, ಕೇಳಿದವರಿಗೆ ಹೊತ್ತು ಮೀರದಂತೆ ಉತ್ತರಿಸುವುದು ಆಮೇಲೆ, ಅದಕ್ಕೊಬ್ಬ ಸಹಾಯಕರನ್ನು ಹಿಡಿಯುವುದು ಮೂರನೆಯದು. ಹಣ ಕೊಟ್ಟು ಮಾಡಿಸುವ ಜಾಹೀರಾತು ಎಲ್ಲಕ್ಕಿಂತ ಕೊನೆಗೆ.

ಮ್ಯಾಪ್‌ನಲ್ಲಿ ನಿಮ್ಮ ಗೇಟು ಎಲ್ಲಿದೆ?

ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ಒಂದು ಪೈಸೆ ಖರ್ಚಿಲ್ಲ. ನಿಮ್ಮ ಜಿಮೇಲ್ ಖಾತೆಯಿಂದ ಪ್ರವೇಶಿಸಿ ವ್ಯಾಪಾರದ ಹೆಸರು, ವಿಧ, ವಿಳಾಸ, ಫೋನ್ ತುಂಬಿಸಿ. ನಂತರ ಗೂಗಲ್ ಖಾತರಿ ಕೇಳುತ್ತದೆ. ಅನೇಕರಿಗೆ ಈಗ ವಿಡಿಯೊ ತೆಗೆದು ಕಳಿಸಲು ಹೇಳುತ್ತದೆ. ರಸ್ತೆ, ಬೋರ್ಡು, ಒಳಗಿನ ಕೋಣೆ ಅಥವಾ ಅಂಗಡಿ ಎಲ್ಲವೂ ಒಂದೇ ಓಟದಲ್ಲಿ ಕಾಣುವಂತೆ ಚಿತ್ರೀಕರಿಸಿ. ಸಿಗ್ನಲ್ ಚೆನ್ನಾಗಿರುವ ಜಾಗ ನೋಡಿಕೊಂಡೇ ಈ ಕೆಲಸಕ್ಕೆ ಕೈಹಾಕಿ. ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ ಶುರು.

ಇಲ್ಲಿ ಬಹಳ ಜನ ಎಡವುವುದು ಪಿನ್ ಇಡುವುದರಲ್ಲಿ. ತೋಟದ ವಿಳಾಸ ಎಂದರೆ ಗ್ರಾಮದ ಹೆಸರು, ಅಂಚೆ, ತಾಲ್ಲೂಕು. ಅಷ್ಟನ್ನೇ ನಂಬಿದರೆ ಗೂಗಲ್ ನಿಮ್ಮ ಅತಿಥಿಯನ್ನು ಪಕ್ಕದ ತೋಟದ ಕಾರ್ಮಿಕರ ಲೈನ್ ಮನೆ ಮುಂದೆ ನಿಲ್ಲಿಸುತ್ತದೆ, ಅದೂ ರಾತ್ರಿ, ಅದೂ ಮಳೆಯಲ್ಲಿ. ನಿಮ್ಮ ಗೇಟಿನ ಎದುರು ನಿಂತು, ಉಪಗ್ರಹ ಚಿತ್ರದ ನೋಟದಲ್ಲಿ ಪಿನ್ ಎಳೆದು ಕೂರಿಸಿ. ಅಲ್ಲೇ ಸಿಗುವ ಪ್ಲಸ್ ಕೋಡನ್ನು (ಆ ಜಾಗವನ್ನು ಗುರುತಿಸುವ ಪುಟ್ಟ ಸಂಕೇತ) ಬರೆದಿಟ್ಟುಕೊಳ್ಳಿ. ಬೇರೆ ಊರಿನ ಸ್ನೇಹಿತರೊಬ್ಬರಿಗೆ ಲಿಂಕ್ ಕಳಿಸಿ, ಯಾರನ್ನೂ ಕೇಳದೆ ಬರಲು ಹೇಳಿ ಪರೀಕ್ಷಿಸಿದರೆ ಇನ್ನೂ ಒಳ್ಳೆಯದು.

ವಿವರಣೆಯಲ್ಲಿ ಕೊಡಗು, ಕೂರ್ಗ್ ಎರಡೂ ಇರಲಿ. ಹೊರಗಿನವರು ಹುಡುಕುವಾಗ ಎರಡನೆಯದನ್ನೇ ಹೆಚ್ಚು ಟೈಪ್ ಮಾಡುತ್ತಾರೆ. ಹತ್ತಿರದ ಊರನ್ನೂ ನಿಖರವಾಗಿ ಬರೆಯಿರಿ. ನಾಪೋಕ್ಲು ಬಳಿಯ ಮನೆಯನ್ನು ‘ಮಡಿಕೇರಿ ಪಟ್ಟಣದಲ್ಲೇ’ ಎಂದು ಬರೆದರೆ ಬುಕಿಂಗ್ ಸಿಗಬಹುದು, ಅದರ ಹಿಂದೆಯೇ ಒಂದು ಸ್ಟಾರ್‌ನ ವಿಮರ್ಶೆಯೂ ಬರುತ್ತದೆ. ವಿಮರ್ಶೆಗೆ ಪ್ರತಿಯಾಗಿ ರಿಯಾಯಿತಿ, ಉಡುಗೊರೆ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಹೊರಡುವ ಅತಿಥಿಗೆ ಲಿಂಕ್ ಕಳಿಸಿ ‘ಇಷ್ಟವಾದರೆ ನಾಲ್ಕು ಸಾಲು ಬರೆಯಿರಿ’ ಎಂದರೆ ಸಾಕು.

ಪ್ರಚಾರಕ್ಕೆ ಮೊದಲು ಕಾಗದ

ಇದು ಬೇಸರದ ಭಾಗ, ಬೇಗ ಹೇಳಿಬಿಡುತ್ತೇನೆ. ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇರಲಿ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು (ಸಿ–ಫಾರಂ ಎಂದೇ ಪರಿಚಿತ) ಆನ್‌ಲೈನ್‌ನಲ್ಲಿ ತುಂಬಬೇಕು. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಲೇಬಲ್ ಮೇಲೆ ಇರಬೇಕು. ಚಿಕೋರಿ ಬೆರೆಸಿದ ಕಾಫಿಪುಡಿಯಲ್ಲಿ ಕಾಫಿ ಕನಿಷ್ಠ ಶೇ 51ರಷ್ಟು ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಹೇಳಬೇಕು. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಹಾಗೆಂದು ಯಾರು ಬೇಕಾದರೂ ಆ ಲಾಂಛನ ಅಂಟಿಸುವಂತಿಲ್ಲ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ಮಾಡಿಕೊಡುತ್ತೇವೆ ಎಂದು ಸಾವಿರಗಟ್ಟಲೆ ಕೇಳುವ ವೆಬ್‌ಸೈಟ್‌ಗಳಿಂದ ದೂರವಿರಿ.

ವಾಟ್ಸ್‌ಆ್ಯಪ್ ಬಿಸಿನೆಸ್: ಒಂದು ಭಾನುವಾರದ ಕೆಲಸ

ವ್ಯಾಪಾರಕ್ಕೆ ಬೇರೆಯದೇ ಸಿಮ್ ತೆಗೆದುಕೊಳ್ಳಿ. ಒಕ್ಕದ (ಕುಲದವರ) ಗ್ರೂಪು, ಸಂಘದ ಗ್ರೂಪು, ಮದುವೆ ಆಮಂತ್ರಣ ಎಲ್ಲ ಬಂದು ಬೀಳುವ ನಂಬರಿನಲ್ಲಿ ವ್ಯಾಪಾರ ಮಾಡಿದರೆ ಮುಂದೆ ಸಹಾಯಕರಿಗೆ ಅದನ್ನು ಒಪ್ಪಿಸಲಾಗದು. ಹೊಸ ನಂಬರಿನಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ, ಅದೂ ಉಚಿತ.

ಕ್ಯಾಟಲಾಗ್‌ನಲ್ಲಿ ಪ್ರತಿ ಕೋಣೆ ಅಥವಾ ಪ್ರತಿ ಪೊಟ್ಟಣಕ್ಕೆ ಫೋಟೊ, ತೂಕ, ಬೆಲೆ ಹಾಕಿ. ‘ಬೆಲೆಗೆ ಮೆಸೇಜ್ ಮಾಡಿ’ ಎಂದು ಬರೆಯುವ ಚಾಳಿ ಬಿಡಿ. ಬೆಲೆ ನೋಡಿ ಹಿಂದೆ ಸರಿಯುವವರು ನಿಮ್ಮ ಸಮಯ ಉಳಿಸಿಕೊಟ್ಟರು ಎಂದುಕೊಳ್ಳಿ.

ಎಲ್ಲಕ್ಕಿಂತ ಉಪಯೋಗವಾಗುವುದು ಕ್ವಿಕ್ ರಿಪ್ಲೈ. ಪದೇಪದೇ ಬರುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟರೆ ಒಂದು ಓರೆಗೆರೆ, ಒಂದು ಚಿಕ್ಕ ಪದ ಒತ್ತಿದರೆ ಪೂರ್ತಿ ಉತ್ತರ ಹೋಗುತ್ತದೆ. ಹೋಂಸ್ಟೇಗೆ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ: ರೈಲು ಇದೆಯೇ? ಕೊಡಗಿಗೆ ರೈಲಿಲ್ಲ, ಮೈಸೂರಿನಲ್ಲಿ ಇಳಿದು ಮಡಿಕೇರಿಗೆ ರಸ್ತೆಯಲ್ಲಿ ಸುಮಾರು 120 ಕಿಲೊಮೀಟರ್ ಬರಬೇಕು. ವಿಮಾನಕ್ಕಾದರೆ ಕಣ್ಣೂರು ಇದೆ. ಕಾರು ಮನೆ ಬಾಗಿಲವರೆಗೂ ಬರುತ್ತದೆಯೇ, ಕೊನೆಯ ತುಂಡಿಗೆ ಜೀಪು ಬೇಕೇ? ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತದೆ? ಸಸ್ಯಾಹಾರ ಬೇರೆ ಪಾತ್ರೆಯಲ್ಲಿ ಮಾಡುತ್ತೀರಾ? ಪಂದಿ ಕರಿ (ಹಂದಿ ಸಾರು), ಕಡಂಬುಟ್ಟು (ಅಕ್ಕಿ ಕಡುಬು) ಸಿಗುತ್ತದೆಯೇ, ಮೊದಲೇ ಹೇಳಬೇಕೇ? ಡ್ರೈವರಿಗೆ ಮಲಗಲು ಜಾಗ? ಜಿಗಣೆ ಇದೆಯೇ? ಕರೆಂಟು ಹೋದರೆ ಬಿಸಿನೀರು? ಇವಕ್ಕೆ ಪ್ರಾಮಾಣಿಕ ಉತ್ತರ ಬರೆಯಿರಿ. ಜಿಗಣೆ ಇದೆ ಎಂದು ಹೇಳಿದ್ದರಿಂದ ಬುಕಿಂಗ್ ತಪ್ಪುವುದಿಲ್ಲ, ನೀವು ಹೇಳದಿದ್ದರೆ ಕಚ್ಚಿಸಿಕೊಂಡವರು ಮಾತ್ರ ಕ್ಷಮಿಸುವುದಿಲ್ಲ.

ಹಳೆಯ ಗಿರಾಕಿಗಳಿಗೆ ಬ್ರಾಡ್‌ಕಾಸ್ಟ್ ಪಟ್ಟಿ (ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಪಟ್ಟಿ) ಮಾಡಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಹೊರಡುವಾಗಲೇ ಸೇವ್ ಮಾಡಿಕೊಳ್ಳಲು ಹೇಳಿ. ಎಲ್ಲಿಂದಲೋ ಕೊಂಡ ನಂಬರುಗಳಿಗೆಲ್ಲ ಸಂದೇಶ ಚೆಲ್ಲಿದರೆ ವಾಟ್ಸ್‌ಆ್ಯಪ್ ನಿಮ್ಮ ಖಾತೆಯನ್ನೇ ಮುಚ್ಚಬಹುದು.

ಏನನ್ನು ಪೋಸ್ಟ್ ಮಾಡುವುದು?

ಕಾವೇರಿ ಸೀಮೆಯಲ್ಲಿ ವಿಷಯಕ್ಕೆ ಬರವಿಲ್ಲ, ಆದರೂ ಎಲ್ಲರೂ ಮಾಂದಲಪಟ್ಟಿಯ ಮಂಜು, ಅಬ್ಬಿ ಜಲಪಾತವನ್ನೇ ಹಾಕುತ್ತಾರೆ. ಅವು ಎಲ್ಲರಿಗೂ ಸೇರಿದವು. ನಿಮ್ಮ ಅಂಗಳದಲ್ಲಿ ನಡೆಯುವುದು ನಿಮ್ಮ ಹತ್ತಿರ ಮಾತ್ರ ಇದೆ. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂವಿನಿಂದ ತೋಟ ಬೆಳ್ಳಗಾಗುತ್ತದೆ, ಆ ಬಿಳಿ ಉಳಿಯುವುದು ಕೆಲವೇ ದಿನ. ಮಳೆ ಬಿದ್ದ ದಿನವೇ ‘ಮುಂದಿನ ವಾರ ಹೂ’ ಎಂದು ಹಳೆಯ ಅತಿಥಿಗಳಿಗೆ ತಿಳಿಸಿದರೆ ಅದಕ್ಕಿಂತ ದೊಡ್ಡ ಜಾಹೀರಾತಿಲ್ಲ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ನಂತರ ರೋಬಸ್ಟಾ, ಆ ಹೊತ್ತಿಗೆ ಕಣದ ತುಂಬ ಒಣಗುವ ಕಾಫಿ. ಜನವರಿಯ ನಂತರ ಕಾಳುಮೆಣಸು. ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವ, ಅದರ ಆಸುಪಾಸಿನಲ್ಲೇ ಮಡಿಕೇರಿ ದಸರಾ, ಆಮೇಲೆ ಸುಗ್ಗಿಯ ಹಬ್ಬ ಪುತ್ತರಿ. ಹಬ್ಬದಲ್ಲಿ ಮನೆಯವರ ಫೋಟೊ ಹಾಕುವ ಮುನ್ನ ಅವರನ್ನು ಕೇಳಿ. ಐನ್‌ಮನೆಯ (ಕುಲದ ಮೂಲಮನೆಯ) ಪೂಜೆ ಪ್ರದರ್ಶನದ ವಸ್ತುವಲ್ಲ ಎನ್ನುವ ಹಿರಿಯರ ಮಾತಿನಲ್ಲಿ ಅರ್ಥವಿದೆ.

ಪದಾರ್ಥ ಮಾರುವವರು ಬಳಕೆಯನ್ನು ತೋರಿಸಿ. ಕಾಚಂಪುಳಿಯ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ) ಕಪ್ಪು ಬಾಟಲಿಯ ಫೋಟೊ ನೋಡಿ ಹುಬ್ಬಳ್ಳಿಯವರಿಗೆ ಏನೂ ತಿಳಿಯುವುದಿಲ್ಲ. ಅದನ್ನು ಕರಿಗೆ ಎಷ್ಟು ಚಮಚ, ಯಾವಾಗ ಹಾಕಬೇಕು, ಮೀನಿಗೂ ನಡೆಯುತ್ತದೆಯೇ ಎಂಬುದನ್ನು ಅರ್ಧ ನಿಮಿಷದ ವಿಡಿಯೊದಲ್ಲಿ ಅಜ್ಜಿಯ ಕೈಯಿಂದ ಮಾಡಿ ತೋರಿಸಿದರೆ ಆರ್ಡರ್ ಬರುತ್ತದೆ.

ಮಳೆಗಾಲವನ್ನು ಬಚ್ಚಿಡಬೇಡಿ. 2018ರ ಆಗಸ್ಟ್‌ನ ಭೂಕುಸಿತದ ನಂತರ ಜುಲೈ ಬಂದರೆ ಜನ ಮೊದಲು ಕೇಳುವುದು ‘ರಸ್ತೆ ತೆರೆದಿದೆಯಾ?’ ಎಂದು. ಆ ದಿನದ ರಸ್ತೆಯ ಫೋಟೊ, ಜಿಲ್ಲಾಡಳಿತದ ಸೂಚನೆ ಇದ್ದರೆ ಅದು, ಇವೆರಡನ್ನು ನಿತ್ಯ ಹಾಕುವವರನ್ನು ಜನ ನಂಬುತ್ತಾರೆ. ಬರಬೇಡಿ ಎನ್ನಬೇಕಾದ ದಿನ ಬರಬೇಡಿ ಎಂದೇ ಹೇಳಿ.

ದೂರದ ಸಹಾಯಕರು

ಈಗ ಮುಖ್ಯ ವಿಷಯ. ವರ್ಚುವಲ್ ಅಸಿಸ್ಟೆಂಟ್ ಎಂದರೆ ನಿಮ್ಮ ಕಚೇರಿಗೆ ಬಾರದೆ, ತನ್ನ ಮನೆಯಿಂದಲೇ, ಗಂಟೆಗಿಷ್ಟು ಎಂದು ಕೆಲಸ ಮಾಡಿಕೊಡುವ ವ್ಯಕ್ತಿ. ವಿಚಾರಣೆಗೆ ಉತ್ತರ, ಕೋಣೆಗಳ ಕ್ಯಾಲೆಂಡರ್, ಆರ್ಡರ್ ಪಟ್ಟಿ, ಅಂಚೆಯ ಟ್ರ್ಯಾಕಿಂಗ್ ನಂಬರ್ ಕಳಿಸುವುದು, ವಾರಕ್ಕೆರಡು ಪೋಸ್ಟ್, ವಿಮರ್ಶೆಗಳಿಗೆ ಕೃತಜ್ಞತೆ ಹೇಳುವುದು ಇವೆಲ್ಲ ಅವರಿಂದ ಆಗುವ ಕೆಲಸ. ಬೆಲೆ ಚೌಕಾಸಿ, ಹಣ ವಾಪಸಾತಿ, ದೂರಿಗೆ ಉತ್ತರ ಇವು ನಿಮ್ಮಲ್ಲೇ ಇರಲಿ.

ಸಹಾಯಕರನ್ನು ವಿದೇಶಿ ತಾಣಗಳಲ್ಲಿ ಹುಡುಕಬೇಕಿಲ್ಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ ಕಾಲೇಜುಗಳಲ್ಲಿ ವಾಣಿಜ್ಯ ಓದುವ ವಿದ್ಯಾರ್ಥಿಗಳಿದ್ದಾರೆ. ಬೆಂಗಳೂರಿನ ಕೆಲಸ ಬಿಟ್ಟು ಮದುವೆ, ಮಗು ಎಂದು ಊರಿಗೆ ಬಂದ ಹೆಣ್ಣುಮಕ್ಕಳಿದ್ದಾರೆ. ಕನ್ನಡದ ಜತೆ ಮಲಯಾಳ, ಹಿಂದಿ, ಇಂಗ್ಲಿಷ್ ಬರೆಯಬಲ್ಲವರು ಸಿಕ್ಕರೆ ಬಿಡಬೇಡಿ. ನಮ್ಮಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ ನಡುವೆ ಬೆಳೆದವರಿಗೆ ಇದು ಕಷ್ಟವೇನಲ್ಲ. ಮಳೆಗಾಲದ ದೃಷ್ಟಿಯಿಂದ ಮೈಸೂರಿನಲ್ಲೋ ಕುಶಾಲನಗರದಲ್ಲೋ ಇರುವವರು ಇನ್ನೂ ಅನುಕೂಲ. ಭಾಗಮಂಡಲದಲ್ಲಿ ಎರಡು ದಿನ ಕರೆಂಟಿಲ್ಲದಿದ್ದರೂ ಅವರ ಮನೆಯಲ್ಲಿ ಇರುತ್ತದೆ.

ಇದು ಸಾಧ್ಯವಾಗುವುದು ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸ್‌ನಿಂದ. ನಿಮ್ಮ ಫೋನಿನ ಜತೆಗೆ ಇನ್ನೂ ನಾಲ್ಕು ಸಾಧನಗಳನ್ನು ಜೋಡಿಸಬಹುದು. ನಿಮ್ಮ ಫೋನ್ ಆಫ್ ಆಗಿದ್ದರೂ ಅವರ ಲ್ಯಾಪ್‌ಟಾಪ್‌ನಲ್ಲಿ ಸಂದೇಶ ಬರುತ್ತದೆ, ಉತ್ತರ ಹೋಗುತ್ತದೆ. ಮುಖ್ಯ ಫೋನನ್ನು 14 ದಿನ ಮುಟ್ಟದಿದ್ದರೆ ಮಾತ್ರ ಜೋಡಣೆ ಕಡಿದುಹೋಗುತ್ತದೆ.

ಖರ್ಚಿನ ಲೆಕ್ಕ ಹೀಗೆ ಹಾಕಿ. ವಿಚಾರಣೆಗಳು ಬರುವುದು ಹೆಚ್ಚಾಗಿ ಪಟ್ಟಣದವರು ಕೆಲಸ ಮುಗಿಸಿ ಮನೆ ಸೇರಿದ ಮೇಲೆ. ಸಂಜೆ ಏಳರಿಂದ ಒಂಬತ್ತು, ತಿಂಗಳಿಗೆ 26 ದಿನ ಎಂದರೆ 52 ಗಂಟೆ. ಗಂಟೆಗೆ 100 ರೂಪಾಯಿಗೆ ಒಪ್ಪಂದವಾದರೆ 5,200 ರೂಪಾಯಿ. ಒಬ್ಬರಿಗೆ ಭಾರವಾದರೆ ಮೂವರು ಹಂಚಿಕೊಳ್ಳಿ. ಆದರೆ ಮೂರು ಹೋಂಸ್ಟೇಗಳು ಸೇರಬೇಡಿ. ಬಂದ ಗಿರಾಕಿಯನ್ನು ಸಹಾಯಕರು ಯಾರ ಮನೆಗೆ ಕಳಿಸಿದರು ಎಂಬ ಅನುಮಾನದಲ್ಲೇ ನೆರೆಹೊರೆ ಕೆಡುತ್ತದೆ. ಒಂದು ಹೋಂಸ್ಟೇ, ಒಂದು ಕಾಫಿಪುಡಿ, ಒಂದು ಜೇನು ಹೀಗೆ ಕೂಡಿಕೊಂಡರೆ ಒಬ್ಬರ ಅತಿಥಿ ಇನ್ನಿಬ್ಬರ ಗಿರಾಕಿಯೂ ಆಗುತ್ತಾರೆ. ಸ್ವಸಹಾಯ ಸಂಘ ಇರುವಲ್ಲಿ ಈ ಏರ್ಪಾಡು ಇನ್ನೂ ಸುಲಭ.

ಕೆಲಸಕ್ಕೆ ಸೇರಿಸುವ ಮುನ್ನ ನಾಲ್ಕು ಪುಟದ ಒಂದು ಟಿಪ್ಪಣಿ ಬರೆದುಕೊಡಿ: ವಾರಾಂತ್ಯದ ದರ, ವಾರದ ದಿನದ ದರ, ಎಷ್ಟು ಮುಂಗಡ, ರದ್ದಾದರೆ ಏನು, ಯಾವ ಮಾತು ಕೊಡಬಾರದು. ಮೊದಲ ವಾರ ದುಡ್ಡು ಕೊಟ್ಟೇ ಪರೀಕ್ಷೆಗೆ ಇಟ್ಟುಕೊಳ್ಳಿ, ಆ ವಾರದ ಎಲ್ಲ ಸಂಭಾಷಣೆಯನ್ನೂ ರಾತ್ರಿ ಓದಿ. ಎಐ ಉಪಕರಣಗಳಿಂದ ಉತ್ತರ ಬರೆಸಿದರೆ ತಪ್ಪಿಲ್ಲ, ಮಲಯಾಳಕ್ಕೋ ಹಿಂದಿಗೋ ತಿರುಗಿಸಲು ಚೆನ್ನಾಗಿಯೇ ನೆರವಾಗುತ್ತವೆ. ಆದರೆ ಇಲ್ಲದ ಈಜುಕೊಳವನ್ನೂ, ಕಾಣದ ಹೊಳೆಯನ್ನೂ ಅವು ಸೇರಿಸಿಬಿಡುತ್ತವೆ. ಕಳಿಸುವ ಮುನ್ನ ಮನುಷ್ಯರ ಕಣ್ಣು ಹಾಯಲಿ.

ಕೀಲಿ ನಿಮ್ಮ ಸೊಂಟದಲ್ಲೇ ಇರಲಿ

ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಕೊಡುವ ಅಗತ್ಯವೇ ಇಲ್ಲ. ಗೂಗಲ್ ಪ್ರೊಫೈಲ್‌ನಲ್ಲಿ ನೀವು ಓನರ್, ಅವರು ಮ್ಯಾನೇಜರ್. ಫೇಸ್‌ಬುಕ್, ಇನ್‌ಸ್ಟಾಗ್ರಾಂನ ಕೆಲಸವನ್ನು ಮೆಟಾ ಬಿಸಿನೆಸ್ ಸೂಟ್‌ನಿಂದ ಹಂಚಿಕೊಡಬಹುದು. ವಾಟ್ಸ್‌ಆ್ಯಪ್‌ನ ಆರಂಕಿಯ ಕೋಡ್, ಬ್ಯಾಂಕಿನ ಒಟಿಪಿ, ಯುಪಿಐ ಪಿನ್ ಮೂರೂ ನಿಮ್ಮ ಹತ್ತಿರವೇ. ಅತಿಥಿಗಳ ಆಧಾರ್ ಫೋಟೊ ಸಹಾಯಕರ ಫೋನಿನಲ್ಲಿ ಉಳಿಯಬಾರದು. ಗುರುತಿನ ಚೀಟಿಯನ್ನು ಬಂದ ಮೇಲೆ ನೀವೇ ನೋಡಿ. ಸಹಾಯಕರು ಕೆಲಸ ಬಿಟ್ಟ ದಿನವೇ ಲಿಂಕ್ಡ್ ಡಿವೈಸ್ ತೆಗೆದುಹಾಕಿ.

ಇನ್ನೊಂದು ಎಚ್ಚರ ನಮ್ಮ ಜಿಲ್ಲೆಗೆ ವಿಶೇಷವಾಗಿ ಬೇಕು. ತಾನು ಸೇನಾಧಿಕಾರಿ, ಹತ್ತು ಜನರಿಗೆ ಕೋಣೆ ಬೇಕು, ಮುಂಗಡ ಈಗಲೇ ಕಳಿಸುತ್ತೇನೆ ಎಂದು ಕರೆ ಬರುತ್ತದೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಎಲ್ಲ ಕಳಿಸುತ್ತಾರೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ ‘ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎನ್ನುತ್ತಾರೆ. ದೇಶದ ಹಲವೆಡೆ ಅಂಗಡಿ, ವಸತಿಗೃಹದವರು ಹೀಗೆ ಮೋಸಹೋಗಿದ್ದಾರೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡಿನಲ್ಲಿ ಸೇನೆಯ ಹೆಸರು ಕೇಳಿದರೆ ನಾವು ಬೇಗ ಕರಗುತ್ತೇವೆ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಹಾಯಕರ ಟಿಪ್ಪಣಿಯ ಮೊದಲ ಪುಟದಲ್ಲೇ ಇದನ್ನು ಬರೆಯಿರಿ.

ಕೊನೆಗೆ ಜಾಹೀರಾತು

ಇಷ್ಟೆಲ್ಲ ಆದ ಮೇಲೆ ಇನ್‌ಸ್ಟಾಗ್ರಾಂನಲ್ಲೋ ಫೇಸ್‌ಬುಕ್‌ನಲ್ಲೋ ದಿನಕ್ಕೆ ಇನ್ನೂರು ರೂಪಾಯಿಯಂತೆ ಒಂದು ವಾರ ಹಾಕಿ ನೋಡಬಹುದು. ಇಡೀ ಭಾರತಕ್ಕೆ ತೋರಿಸಬೇಡಿ. ಬೆಂಗಳೂರು, ಮೈಸೂರು, ಕಣ್ಣೂರು ಸಾಕು. ಹೋಂಸ್ಟೇಯವರು ಸೋಮವಾರದಿಂದ ಗುರುವಾರದವರೆಗೆ ಓಡಿಸಲಿ, ಶನಿವಾರಕ್ಕೆ ಕೋಣೆ ಹುಡುಕುವವರು ಆಗಲೇ ಹುಡುಕುತ್ತಿರುತ್ತಾರೆ. ಒತ್ತಿದವರು ವೆಬ್‌ಸೈಟ್‌ಗೆ ಹೋಗದೆ ನೇರ ನಿಮ್ಮ ವಾಟ್ಸ್‌ಆ್ಯಪ್‌ಗೆ ಬರುವಂತೆ ಮಾಡಿ.

ಸಹಾಯಕರ ಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿಸಿ: ‘ನಮ್ಮ ಬಗ್ಗೆ ಎಲ್ಲಿ ತಿಳಿಯಿತು?’ ಮ್ಯಾಪ್, ಹಳೆಯ ಅತಿಥಿ, ಇನ್‌ಸ್ಟಾಗ್ರಾಂ, ಬುಕಿಂಗ್ ತಾಣ, ರಸ್ತೆಯ ಬೋರ್ಡು. ಮೂರು ತಿಂಗಳು ತುಂಬಿಸಿದ ಮೇಲೆ ಒಬ್ಬ ಗಿರಾಕಿಯನ್ನೂ ತರದ ಸಾಲಿಗೆ ಹಣ ಹಾಕುವುದನ್ನು ನಿಲ್ಲಿಸಿ. ಆ ದುಡ್ಡಿನಲ್ಲಿ ಸಹಾಯಕರಿಗೆ ಭಾನುವಾರ ಬೆಳಗಿನ ಎರಡು ಗಂಟೆಯನ್ನೂ ಸೇರಿಸಬಹುದು.